ತಪ್ಪು ಹೇಳಿಕೊಂಡವರಿಗೆ ಶಿಕ್ಷೆ ಕೊಟ್ಟರೆ ಅಪಘಾತ ನಿಲ್ಲುವುದಿಲ್ಲ

ಬಸ್ಸು, ಮೆಟ್ರೊ, ಟ್ರಾಮ್ ಓಡಿಸುವ ಸಂಸ್ಥೆಗಳ ಸುರಕ್ಷತೆ ಅಂದ ಕೂಡಲೇ ಎಲ್ಲರಿಗೂ ಪ್ರಯಾಣಿಕರು ನೆನಪಾಗುತ್ತಾರೆ. ಅದು ಸಹಜವೇ. ಆದರೆ ಹಳಿ ಪಕ್ಕ ನಡೆದು ಬೋಲ್ಟ್ ನೋಡುವವರು, ಬಸ್ಸಿನ ಅಡಿ ತೂರಿ ಕೆಲಸ ಮಾಡುವ ಮೆಕ್ಯಾನಿಕ್‌ಗಳು, ರಾತ್ರಿಯಿಡೀ ಡಿಪೋದಲ್ಲಿ ಗಾಡಿ ತೊಳೆಯುವವರು, ದಿನಕ್ಕೆ ಎಂಟು-ಹತ್ತು ಗಂಟೆ ಸ್ಟೇರಿಂಗ್ ಹಿಂದೆ ಕೂರುವ ಡ್ರೈವರ್‌ಗಳು, ಇವರಿಗೆಲ್ಲ ಅದು ಕೆಲಸದ ಜಾಗ. ಅವರ ಸುರಕ್ಷತೆ ಬೇರೆ, ಪ್ರಯಾಣಿಕರ ಸುರಕ್ಷತೆ ಬೇರೆ ಅಂತ ಎರಡು ಫೈಲ್ ಮಾಡಿಡುವುದು ಬಹಳ ಸಂಸ್ಥೆಗಳ ರೂಢಿ. ಆದರೆ ದೊಡ್ಡ ಅಪಘಾತಗಳ ತನಿಖಾ ವರದಿಗಳನ್ನು ಓದಿದರೆ ಎರಡಕ್ಕೂ ಬೇರು ಒಂದೇ ಅಂತ ಗೊತ್ತಾಗುತ್ತದೆ. ಏನೋ ಸರಿ ಇಲ್ಲ ಅಂತ ಕೆಳಗಿನವರಿಗೆ ಮೊದಲೇ ಗೊತ್ತಿರುತ್ತದೆ. ಆ ಸುದ್ದಿ ಮೇಲೆ ಹೋಗಿರುವುದಿಲ್ಲ. ಹೋಗಿದ್ದರೂ ಅಲ್ಲೇ ಎಲ್ಲೋ ಕಳೆದುಹೋಗಿರುತ್ತದೆ.

ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಜಪಾನಿನ ಅಮಾಗಸಾಕಿ ಅಪಘಾತಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2005ರ ಏಪ್ರಿಲ್ 25, ಬೆಳಗ್ಗೆ ಜನ ಕೆಲಸಕ್ಕೆ ಹೋಗುವ ಹೊತ್ತು. 23 ವರ್ಷದ ಡ್ರೈವರ್ ಇಟಾಮಿ ಸ್ಟೇಷನ್‌ನಲ್ಲಿ ರೈಲನ್ನು ನಿಲ್ಲಿಸಬೇಕಾದ ಜಾಗದಿಂದ ಸುಮಾರು 70 ಮೀಟರ್ ಮುಂದೆ ತಂದು ನಿಲ್ಲಿಸಿದ. ಹಿಂದಕ್ಕೆ ತಂದು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಒಂದೂವರೆ ನಿಮಿಷದಷ್ಟು ತಡವಾಗಿತ್ತು. ಆತ ಕಂಡಕ್ಟರ್‌ಗೆ ಒಳಗಿನ ಫೋನಿನಲ್ಲಿ, ದೂರವನ್ನು ಸ್ವಲ್ಪ ಕಡಿಮೆ ಮಾಡಿ ಹೇಳು ಅಂತ ಕೇಳಿಕೊಂಡ. ಕಂಡಕ್ಟರ್ ಕಂಟ್ರೋಲ್ ರೂಮಿಗೆ 8 ಮೀಟರ್ ಅಂತ ಹೇಳಿದ. ಅದೇ ಹೊತ್ತಿಗೆ ಮುಂದೆ ತಿರುವು ಬರುತ್ತಿತ್ತು. ಅಲ್ಲಿನ ಮಿತಿ ಗಂಟೆಗೆ 70 ಕಿ.ಮೀ., ರೈಲು ಹೋಗುತ್ತಿದ್ದದ್ದು 116 ಕಿ.ಮೀ. ವೇಗದಲ್ಲಿ. ಬೋಗಿಗಳು ಹಳಿ ತಪ್ಪಿ ಪಕ್ಕದ ವಸತಿ ಕಟ್ಟಡಕ್ಕೆ ನುಗ್ಗಿದವು. ಡ್ರೈವರ್ ಸೇರಿ 107 ಜನ ಸತ್ತರು.

ಡ್ರೈವರ್ ಬ್ರೇಕ್ ಹಾಕದೆ ಏನು ಮಾಡುತ್ತಿದ್ದ? ತನಿಖೆ ಮಾಡಿದವರ ಪ್ರಕಾರ, ಕಂಡಕ್ಟರ್ ಮತ್ತು ಕಂಟ್ರೋಲ್ ರೂಮಿನ ನಡುವೆ ರೇಡಿಯೊದಲ್ಲಿ ನಡೆಯುತ್ತಿದ್ದ ಮಾತಿನ ಕಡೆ ಆತನ ಗಮನ ಪೂರ್ತಿ ಹೋಗಿದ್ದಿರಬೇಕು. ತನ್ನ ತಪ್ಪು ಎಷ್ಟು ದೊಡ್ಡದಾಗಿ ದಾಖಲಾಗುತ್ತದೆ ಅನ್ನುವ ಚಿಂತೆ. ಆ ಚಿಂತೆಗೂ ಕಾರಣ ಇತ್ತು. ಆ ರೈಲ್ವೆ ಕಂಪನಿಯಲ್ಲಿ ತಪ್ಪು ಮಾಡಿದವರನ್ನು 'ಮರುತರಬೇತಿ'ಗೆ ಹಾಕುತ್ತಿದ್ದರು. ಹೆಸರಿಗೆ ತರಬೇತಿ. ನಡೆಯುತ್ತಿದ್ದದ್ದು ಪುಟಗಟ್ಟಲೆ ತಪ್ಪೊಪ್ಪಿಗೆ ಬರೆಸುವುದು, ಎಲ್ಲರೆದುರು ಬೈಯುವುದು, ಕಳೆ ಕೀಳಿಸುವುದು. ಇದೇ ಡ್ರೈವರ್ ಹಿಂದಿನ ವರ್ಷವೂ ಒಂದು ಸ್ಟೇಷನ್‌ನಲ್ಲಿ ಹೀಗೆಯೇ ಮುಂದೆ ಹೋಗಿ ನಿಲ್ಲಿಸಿದ್ದಕ್ಕೆ 13 ದಿನ ಅದನ್ನು ಅನುಭವಿಸಿದ್ದ. ಆ ಅವಮಾನ ಮತ್ತೆ ಬೇಡ ಅಂತ ಮನಸ್ಸು ಹೆದರಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ ಹೇಳಿ. ಇನ್ನೊಂದು ವಿಷಯವನ್ನೂ ಮರೆಯಬಾರದು. ಆ ತಿರುವಿನಲ್ಲಿ, ವೇಗ ಜಾಸ್ತಿಯಾದರೆ ರೈಲನ್ನು ತಾನಾಗಿಯೇ ನಿಧಾನ ಮಾಡುವ ಸಾಧನ ಇನ್ನೂ ಕೂಡಿಸಿರಲಿಲ್ಲ. ಒಬ್ಬ ಹುಡುಗನ ಗಮನವೊಂದೇ ನೂರಾರು ಜನರ ಜೀವಕ್ಕೆ ಕಾವಲು. ಆ ಗಮನವನ್ನೂ ಸಂಸ್ಥೆಯೇ ಹೆದರಿಸಿ ಬೇರೆ ಕಡೆ ಎಳೆದಿತ್ತು.

ಇದು ಜಪಾನಿನ ಶಿಸ್ತಿನ ಅತಿರೇಕ ಅಂತ ಯಾರಾದರೂ ಹೇಳಬಹುದು. ಹಾಗಾದರೆ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ನೋಡೋಣ. 2016ರ ನವೆಂಬರ್ 9ರ ಬೆಳಗಿನ ಜಾವ, ಗಂಟೆಗೆ 20 ಕಿ.ಮೀ.ನಲ್ಲಿ ಹೋಗಬೇಕಾದ ತಿರುವಿಗೆ ಟ್ರಾಮ್ 73 ಕಿ.ಮೀ. ವೇಗದಲ್ಲಿ ಬಂದು ಮಗುಚಿತು. 7 ಜನ ಸತ್ತರು. ಡ್ರೈವರ್‌ಗೆ ಕೆಲವು ಕ್ಷಣ ಎಚ್ಚರ ತಪ್ಪಿ ತಾನೆಲ್ಲಿದ್ದೇನೆ ಅನ್ನುವುದು ಹೋಗಿರಬೇಕು, ಬಹುಶಃ ದಣಿವಿನಿಂದ, ಅಂದರು ತನಿಖೆಯವರು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ವರದಿಯ ಇನ್ನೊಂದು ಮಾತು. ಅದೇ ತಿರುವಿನಲ್ಲಿ ಬೇರೆ ಡ್ರೈವರ್‌ಗಳೂ ಮೊದಲು ಬ್ರೇಕ್ ಹಾಕಲು ತಡಮಾಡಿ, ಕೂದಲೆಳೆಯಲ್ಲಿ ಪಾರಾಗಿದ್ದರು. ಮ್ಯಾನೇಜ್‌ಮೆಂಟ್ ಹೇಗೆ ತಗೊಳ್ಳುತ್ತದೋ ಅನ್ನುವ ಅಳುಕಿನಿಂದ ಹೇಳಿರಲಿಲ್ಲ. ಹೇಳಿದ್ದರೆ ಆ ತಿರುವಿಗೆ ಮೊದಲೇ ದೊಡ್ಡ ಎಚ್ಚರಿಕೆ ಫಲಕಗಳು ಬರುತ್ತಿದ್ದವು, ವೇಗ ಮೀರಿದರೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಬರುತ್ತಿತ್ತು. ಎಲ್ಲವೂ ಬಂತು, ಅಪಘಾತ ಆದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈಗ ಕೆಲಸಗಾರರ ವಿಷಯಕ್ಕೆ ಬರೋಣ. ಮೆಟ್ರೊ ಹಳಿ ಮೇಲೆ ಕೆಲಸ ಮಾಡುವವರಿಗೆ ಅಪಾಯ ಎರಡು ಕಡೆಯಿಂದ. ಒಂದು, ಬರುವ ರೈಲು. ಇನ್ನೊಂದು, ಬಹಳ ಕಡೆ ಪಕ್ಕದಲ್ಲೇ ಹಾದುಹೋಗುವ ಮೂರನೇ ಹಳಿ, ಅದರಲ್ಲಿ 600ರಿಂದ 750 ವೋಲ್ಟ್ ಡಿಸಿ ಕರೆಂಟ್. ಕರೆಂಟ್ ವಿಷಯದಲ್ಲಿ ಸಂಸ್ಥೆಗಳು ಸಾಮಾನ್ಯವಾಗಿ ಬಿಗಿಯಾಗಿರುತ್ತವೆ. ರೈಲಿನ ವಿಷಯದಲ್ಲಿ ಮಾತ್ರ, ನೋಡಿಕೊಂಡು ಕೆಲಸ ಮಾಡಿ ಅನ್ನುವ ಧೋರಣೆ ಬಹಳ ವರ್ಷ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಓಡುವ ಬಾರ್ಟ್ ರೈಲು ಸಂಸ್ಥೆಯಲ್ಲಿ ಇದಕ್ಕೊಂದು ನಿಯಮವೇ ಇತ್ತು, 'ಸಿಂಪಲ್ ಅಪ್ರೂವಲ್' ಅಂತ. ಹಳಿಗೆ ಇಳಿಯುವವರು ಕಂಟ್ರೋಲ್ ರೂಮಿಗೆ ತಿಳಿಸಿ ಇಳಿಯಬಹುದು, ಆದರೆ ರೈಲುಗಳು ಎಂದಿನಂತೆ ಓಡುತ್ತಿರುತ್ತವೆ, ತಮ್ಮ ಜೀವ ತಾವೇ ನೋಡಿಕೊಳ್ಳಬೇಕು. 2008ರಲ್ಲಿ ಅಲ್ಲಿ ಹಳಿ ಮೇಲಿದ್ದ ಕೆಲಸಗಾರರೊಬ್ಬರಿಗೆ ರೈಲು ಬಡಿದು ಜೀವ ಹೋಗಿತ್ತು. 2013ರ ಅಕ್ಟೋಬರ್ 19ರಂದು ಹಳಿಯಲ್ಲಿ ಒಂದು ಕಡೆ ತಗ್ಗಾಗಿದೆ ಅಂತ ನೋಡಲು ಇಬ್ಬರು ಹೋದರು. ಅವತ್ತು ಮುಷ್ಕರ ನಡೆಯುತ್ತಿತ್ತು. ಆ ಹಳಿ ಮೇಲೆ ಬಂದ ರೈಲನ್ನು ಓಡಿಸುತ್ತಿದ್ದವರು ತರಬೇತಿಯಲ್ಲಿದ್ದ ಡ್ರೈವರ್. ಹಳಿ ನೋಡಲು ಹೋದ ಇಬ್ಬರೂ ಸತ್ತರು. ನಿಯಮ ಆ ತಿಂಗಳೇ ರದ್ದಾಯಿತು. ಸಾಮಾನ್ಯವಾಗಿ, ಸೇವೆಗೆ ತೊಂದರೆಯಾಗುತ್ತದೆ, ರೈಲುಗಳು ತಡವಾಗುತ್ತವೆ ಅಂತ ಮುಂದೂಡಲಾಗುವ ಇಂಥ ಬದಲಾವಣೆ, ಇಬ್ಬರು ಸತ್ತ ಮೇಲೆ ಕೆಲವೇ ದಿನಗಳಲ್ಲಿ ಸಾಧ್ಯವಾಯಿತು ಅಲ್ವಾ?

ಒಬ್ಬ ಮನುಷ್ಯನಿಗೆ ಬಗ್ಗಿ ಹಳಿಯ ತಗ್ಗನ್ನು ಅಳೆಯುವುದು, ಅದೇ ಹೊತ್ತಿಗೆ ಎರಡೂ ದಿಕ್ಕಿಗೆ ರೈಲು ಬರುತ್ತಿದೆಯಾ ಅಂತ ನೋಡುವುದು, ಎರಡೂ ಆಗುವುದಿಲ್ಲ. ಆದ್ದರಿಂದ ಕಾವಲಿಗೆ ನಿಂತವನಿಗೆ ಕಾವಲು ಬಿಟ್ಟು ಬೇರೆ ಕೆಲಸ ಇರಬಾರದು, ಅವನ ಕೈಯಲ್ಲಿ ಸ್ಪ್ಯಾನರ್ ಕೂಡ ಇರಬಾರದು. ಅದಕ್ಕಿಂತ ಒಳ್ಳೆಯದು ಆ ಹಳಿಯಲ್ಲಿ ರೈಲನ್ನೇ ಬಿಡದಿರುವುದು. ಸುರಕ್ಷತೆಯ ಲೆಕ್ಕದಲ್ಲಿ ಯಾವುದು ಮೊದಲು, ಯಾವುದು ಕೊನೆ ಅನ್ನುವುದು ಬಹಳ ಹಳೆಯ ಪಾಠ. ಮೊದಲು ಅಪಾಯವನ್ನೇ ತೆಗೆದುಹಾಕಿ. ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಅಡ್ಡ ಹಾಕಿ. ಅದೂ ಆಗದಿದ್ದರೆ ನಿಯಮ, ತರಬೇತಿ. ಹೆಲ್ಮೆಟ್, ಹೊಳೆಯುವ ಜಾಕೆಟ್ ಕಟ್ಟಕಡೆಗೆ. ಆದರೆ ಜಾಕೆಟ್ ಅಗ್ಗ, ನಿಯಮ ಬರೆಯಲು ಕಾಗದ ಸಾಕು. ಅದಕ್ಕೇ ಬಹಳ ಕಡೆ ಸುರಕ್ಷತೆ ಅಂದರೆ ಜಾಕೆಟ್ ಮತ್ತು ಸುತ್ತೋಲೆ ಅಂತಾಗಿಬಿಟ್ಟಿದೆ.

ಡಿಪೋದ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡಿ. ಈಗಿನ ಸಿಟಿ ಬಸ್ಸುಗಳಲ್ಲಿ ಬಹಳಷ್ಟು ಏರ್ ಸಸ್ಪೆನ್ಷನ್ ಗಾಡಿಗಳು. ಬಸ್ಸಿನ ಮೈಭಾರವೆಲ್ಲ ಗಾಳಿ ತುಂಬಿದ ರಬ್ಬರ್ ಬೆಲ್ಲೋಗಳ ಮೇಲೆ ನಿಂತಿರುತ್ತದೆ. ಖಾಲಿ ಬಸ್ಸೇ ಸುಮಾರು 10 ಟನ್ ತೂಗುತ್ತದೆ. ಎಲ್ಲೋ ಗಾಳಿ ಸೋರುತ್ತಿದೆ, ನೋಡು ಅಂತ ಮೆಕ್ಯಾನಿಕ್‌ಗೆ ಹೇಳುತ್ತಾರೆ. ಅವನು ಚಕ್ರದ ಮೇಲಿನ ಸಂದಿಗೆ ತಲೆ, ಭುಜ ತೂರಿಸಿ ಪೈಪ್ ಜಾಯಿಂಟ್ ಮುಟ್ಟುತ್ತಾನೆ. ಸಡಿಲವಾಗಿದ್ದ ಜಾಯಿಂಟ್ ಆ ಕ್ಷಣಕ್ಕೆ ಕಿತ್ತುಬಂದರೆ ಗಾಳಿ ಬುಸ್ಸೆಂದು ಹೋಗಿ, ಬಸ್ಸಿನ ಮೈ ತಕ್ಷಣ ಕೆಳಗೆ ಕೂರುತ್ತದೆ. ಉಳಿಯುವ ಸಂದಿಯಲ್ಲಿ ತಲೆ ಹಿಡಿಸುವುದಿಲ್ಲ. ಇದಕ್ಕೆ ಪರಿಹಾರ ಎಲ್ಲರಿಗೂ ಗೊತ್ತು. ಜ್ಯಾಕ್ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಷಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು, ಗಾಳಿಯನ್ನು ಪೂರ್ತಿ ಬಿಡಬೇಕು, ಗಾಡಿಯ ಕೀ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು, ಮೇನ್ ಸ್ವಿಚ್‌ಗೆ ಅವನದೇ ಬೀಗ ಬೀಳಬೇಕು. ಅವನ ಬೀಗವನ್ನು ಅವನೇ ತೆಗೆಯಬೇಕು, ಮೇಸ್ತ್ರಿ ಕೂಡ ತೆಗೆಯುವಂತಿಲ್ಲ.

ಹಾಗಿದ್ದರೂ ಯಾಕೆ ಸ್ಟ್ಯಾಂಡ್ ಇಡುವುದಿಲ್ಲ? ಸ್ಟ್ಯಾಂಡ್ ಇರುವುದು ಶೆಡ್ಡಿನ ಆ ಕೊನೆಯಲ್ಲಿ. ಇರುವ ನಾಲ್ಕರಲ್ಲಿ ಎರಡಕ್ಕೆ, ಎತ್ತರವನ್ನು ಹಿಡಿದು ನಿಲ್ಲಿಸುವ ಪಿನ್ ಇಲ್ಲ. ಉಳಿದೆರಡು ಬೇರೆ ಗಾಡಿಯ ಕೆಳಗಿವೆ. ಮೊದಲ ಟ್ರಿಪ್ ಬೆಳಗ್ಗೆ ಐದಕ್ಕೆ, ಗಾಡಿ ಹೊರಡದಿದ್ದರೆ ಶೆಡ್ಯೂಲ್ ಹೋಯಿತು ಅಂತ ಮೇಲಿನಿಂದ ಫೋನ್ ಬರುತ್ತದೆ. ನಿನ್ನೆಯೂ ಹೀಗೆ ಮಾಡಿದ್ದ, ಮೊನ್ನೆಯೂ ಮಾಡಿದ್ದ, ಏನೂ ಆಗಿರಲಿಲ್ಲ. ಆದ ದಿನ ಮಾತ್ರ ವರದಿಯಲ್ಲಿ 'ಕೆಲಸಗಾರನ ಅಜಾಗರೂಕತೆ' ಅಂತ ಬರೆದು ಫೈಲ್ ಮುಚ್ಚುತ್ತಾರೆ. ಆ ಎರಡು ಪದ ಬರೆದಲ್ಲಿಗೆ ಪಿನ್ ಇಲ್ಲದ ಸ್ಟ್ಯಾಂಡುಗಳು ಹಾಗೇ ಉಳಿಯುತ್ತವೆ, ಐದು ಗಂಟೆಯ ಫೋನ್ ಕರೆಯೂ ಹಾಗೇ ಉಳಿಯುತ್ತದೆ. ಅಜಾಗರೂಕತೆ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತನಿಖೆ ಅಲ್ಲಿಗೇ ನಿಂತರೆ ಸತ್ತವನ ತಲೆಗೆ ಕಟ್ಟಿ ಕೈತೊಳೆದುಕೊಂಡ ಹಾಗಾಗುತ್ತದೆ, ಮುಂದಿನವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಎಲೆಕ್ಟ್ರಿಕ್ ಬಸ್ಸುಗಳು ಬಂದ ಮೇಲೆ ಡಿಪೋದ ಅಪಾಯಗಳೂ ಬದಲಾಗುತ್ತಿವೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ, ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಉಸಿರಾಡುವುದು ತಪ್ಪಿದರೆ ದೊಡ್ಡ ಲಾಭವೇ. ಆದರೆ ಈಗ ಗಾಡಿಯೊಳಗೆ ನೂರಾರು ವೋಲ್ಟ್ ಕರೆಂಟ್ ಇರುತ್ತದೆ, ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದೇ ಅಂತ ಅರ್ಥ. ಸ್ವಿಚ್ ಆಫ್ ಮಾಡಿದ ತಕ್ಷಣ ಮುಟ್ಟುವಂತಿಲ್ಲ, ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಇಳಿಯಲು ಕಾಯಬೇಕು, ಮೀಟರ್ ಹಿಡಿದು ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಜೊತೆಗೆ ಈ ಗಾಡಿಗಳು ಸದ್ದೇ ಮಾಡುವುದಿಲ್ಲ. ಡಿಪೋದೊಳಗೆ ರಿವರ್ಸ್ ಬರುವ ಬಸ್ಸನ್ನು ಕಿವಿಯಿಂದಲೇ ಗುರುತಿಸಿ ಪಕ್ಕಕ್ಕೆ ಸರಿಯುತ್ತಿದ್ದ ಹಳಬರಿಗೆ ಇದು ಹೊಸ ಅಪಾಯ. ಗಾಡಿಗಳು ರಿವರ್ಸ್ ಬರುವ ಅಗತ್ಯವೇ ಇಲ್ಲದ ಹಾಗೆ, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವ ಹಾಗೆ ಅಂಗಳದಲ್ಲಿ ಸಾಲು ಮಾಡುವುದು, ನಡೆಯುವವರಿಗೆ ಬೇರೆ ದಾರಿ ಗುರುತು ಹಾಕುವುದು, ಇಷ್ಟಕ್ಕೆ ದೊಡ್ಡ ದುಡ್ಡೇನೂ ಬೇಡ.

ಡ್ರೈವರ್ ಸೀಟಿನ ಅಪಾಯ ಹೊರಗಿನವರ ಕಣ್ಣಿಗೆ ಬೀಳುವುದೇ ಕಡಿಮೆ. 1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯ ವಿಜ್ಞಾನಿ ಮತ್ತು ಅವರ ಜೊತೆಗಾರರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗಿಂತ ಕೂತೇ ಇರುವ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ ಅಂತ ಕಂಡಿತು. ವ್ಯಾಯಾಮಕ್ಕೂ ಹೃದಯಕ್ಕೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟ ಮೊದಲ ಅಧ್ಯಯನಗಳಲ್ಲಿ ಇದೂ ಒಂದು. ಜಗತ್ತು ಪಾಠ ಕಲಿಯಿತು, ಆ ಸೀಟು ಮಾತ್ರ ಹೆಚ್ಚು ಬದಲಾಗಿಲ್ಲ. ಸೊಂಟ ನೋವು, ಅಲುಗಾಟ, ಟ್ರಿಪ್ಪಿನ ಕೊನೆಯಲ್ಲಿ ಶೌಚಾಲಯ ಇಲ್ಲದ ಕಾರಣ ನೀರೇ ಕುಡಿಯದೆ ಇರುವುದು. ಬಾಯಾರಿ, ಮೂತ್ರ ಕಟ್ಟಿಕೊಂಡು, ಟೈಮಿಗೆ ಓಡಿಸುವ ಒತ್ತಡದಲ್ಲಿರುವ ಡ್ರೈವರ್‌ನ ಗಮನ ರಸ್ತೆ ಮೇಲೆ ಎಷ್ಟಿರುತ್ತದೆ? ಟರ್ಮಿನಸ್‌ನಲ್ಲಿ ಒಂದು ಶೌಚಾಲಯ, ಹೋಗಿ ಬರಲು ಶೆಡ್ಯೂಲ್‌ನಲ್ಲಿ ನಿಜವಾದ ಬಿಡುವು, ಇವನ್ನು ನಾನು ಸೌಲಭ್ಯದ ಪಟ್ಟಿಯಲ್ಲಿ ಇಡುವುದಿಲ್ಲ, ಬ್ರೇಕ್ ಪ್ಯಾಡ್ ಜೊತೆಗೆ ಇಡುತ್ತೇನೆ.

ನಿದ್ದೆಯದ್ದೂ ಅದೇ ಕತೆ. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1990ರ ದಶಕದ ಅಧ್ಯಯನಗಳು ತೋರಿಸಿವೆ. ಬೆಳಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಅಂತ ಡ್ಯೂಟಿ ಒಡೆದು ಕೊಟ್ಟರೆ ಕಾಗದದ ಮೇಲೆ ಎಂಟೇ ಗಂಟೆ. ಆದರೆ ಬೆಳಗ್ಗೆ ಮೂರೂವರೆಗೆ ಎದ್ದವನು ರಾತ್ರಿ ಎಂಟೂವರೆಗೆ ಗಾಡಿ ಬಿಡುವಾಗ ಆ 17 ಗಂಟೆ ತುಂಬಿರುತ್ತದೆ. ಕುಡಿದಿದ್ದಾನಾ ಅಂತ ಊದಿಸಿ ನೋಡುವ ಸಂಸ್ಥೆಗಳು, ನಿದ್ದೆ ಆಗಿದೆಯಾ ಅಂತ ಕೇಳುವುದೇ ಅಪರೂಪ. ನ್ಯೂಯಾರ್ಕ್‌ನ ಮೆಟ್ರೊ-ನಾರ್ತ್ ರೈಲು 2013ರ ಡಿಸೆಂಬರ್ 1ರಂದು ತಿರುವಿನಲ್ಲಿ ಹಳಿ ತಪ್ಪಿ 4 ಜನ ಸತ್ತಾಗ, ಚಾಲಕನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇತ್ತು ಅನ್ನುವುದು ಪತ್ತೆಯಾದದ್ದೇ ಅಪಘಾತದ ನಂತರ.

ಇಷ್ಟೆಲ್ಲ ಓದಿ, ಮನುಷ್ಯನ ಗಮನಕ್ಕೆ ಬೆಲೆಯೇ ಇಲ್ಲವಾ ಅಂತ ಅನಿಸಬಹುದು. ಇದೆ, ಅದಕ್ಕೆ ಆಸರೆ ಕೊಟ್ಟರೆ. ಜಪಾನಿನ ರೈಲು ಸಿಬ್ಬಂದಿ ಸಿಗ್ನಲ್ ಕಂಡಾಗ ಬೆರಳು ತೋರಿಸಿ ಅದರ ಬಣ್ಣವನ್ನು ಜೋರಾಗಿ ಹೇಳುತ್ತಾರೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ಸುಮ್ನೆ ನೋಡಿ ಮಾಡಿದಾಗ ನೂರಕ್ಕೆ 2.38 ಇದ್ದ ತಪ್ಪು, ಬೆರಳು ತೋರಿಸಿ ಬಾಯಿಬಿಟ್ಟು ಹೇಳಿದಾಗ 0.38ಕ್ಕೆ ಇಳಿಯಿತು. ನ್ಯೂಯಾರ್ಕ್ ಸಬ್‌ವೇಯಲ್ಲೂ ಕಂಡಕ್ಟರ್ ಬಾಗಿಲು ತೆರೆಯುವ ಮೊದಲು, ಪ್ಲಾಟ್‌ಫಾರ್ಮ್ ನಡುವೆ ತೂಗುಹಾಕಿದ ಕಪ್ಪು-ಬಿಳಿ ಪಟ್ಟೆಯ ಹಲಗೆಗೆ 1996ರಿಂದ ಬೆರಳು ತೋರಿಸುತ್ತಾರೆ. ರೈಲು ಪೂರ್ತಿ ಪ್ಲಾಟ್‌ಫಾರ್ಮ್ ಒಳಗೆ ನಿಂತಿದೆ ಅಂತ ಅದರ ಅರ್ಥ. ನಗರದ ಬಸ್ಸಿನಲ್ಲಿ ಕನ್ನಡಿ ಮತ್ತು ಮುಂದಿನ ಗಾಜಿನ ಪಕ್ಕದ ಕಂಬ ಸೇರಿ ಒಬ್ಬ ಪಾದಚಾರಿಯನ್ನು ಪೂರ್ತಿ ಮರೆಮಾಡಬಲ್ಲವು. ತಿರುವು ತಗೊಳ್ಳುವ ಮೊದಲು ಸೀಟಿನಲ್ಲೇ ಮುಂದೆ-ಹಿಂದೆ ಬಾಗಿ ನೋಡುವ ಅಭ್ಯಾಸ ಅದಕ್ಕೇ ಹೇಳಿಕೊಡುತ್ತಾರೆ. ಇಷ್ಟು ಸಣ್ಣ ಅಭ್ಯಾಸಕ್ಕೂ ಎರಡು ಸೆಕೆಂಡ್ ಬೇಕು, ಶೆಡ್ಯೂಲ್ ಬಿಗಿಯಾದಷ್ಟೂ ಮೊದಲು ಬಿಟ್ಟುಹೋಗುವುದು ಆ ಎರಡು ಸೆಕೆಂಡೇ.

ಸುದ್ದಿ ಮೇಲೆ ಬಂದರೆ ಸಾಕಾ? ಸಾಲದು. ವಾಷಿಂಗ್ಟನ್ ಮೆಟ್ರೊದಲ್ಲಿ 2005ರಲ್ಲೇ ಒಮ್ಮೆ, ಹಳಿ ಮೇಲೆ ರೈಲಿದ್ದರೂ ಇಲ್ಲ ಅಂತ ಸಿಗ್ನಲ್ ವ್ಯವಸ್ಥೆ ತಿಳಿದುಕೊಂಡಿತ್ತು. ಡ್ರೈವರ್‌ಗಳು ಕಣ್ಣಾರೆ ನೋಡಿ ಬ್ರೇಕ್ ಹಾಕಿದ್ದರಿಂದ ಡಿಕ್ಕಿ ತಪ್ಪಿತು. ಅದನ್ನು ಎಂಜಿನಿಯರ್‌ಗಳು ಅಭ್ಯಾಸ ಮಾಡಿ, ಇಂಥ ದೋಷ ಹಿಡಿಯುವ ಪರೀಕ್ಷೆಯನ್ನೂ ರೂಪಿಸಿದರು. ಆ ಪರೀಕ್ಷೆ ಕೆಳಗಿನ ಸಿಬ್ಬಂದಿಯ ದಿನನಿತ್ಯದ ಕೆಲಸಕ್ಕೆ ಇಳಿಯಲೇ ಇಲ್ಲ. 2009ರ ಜೂನ್ 17ರಂದು ಫೋರ್ಟ್ ಟಾಟನ್ ಬಳಿ ಹಳಿಯ ಒಂದು ಸಾಧನ ಬದಲಾಯಿಸಿದರು. ಅಲ್ಲಿಂದ ಆ ಭಾಗ ರೈಲುಗಳನ್ನು ಸರಿಯಾಗಿ ಗುರುತಿಸುತ್ತಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಇಂಥ ಅಲಾರಂ ಎಷ್ಟೊಂದು ಬರುತ್ತಿದ್ದವೆಂದರೆ ಅವನ್ನು ಕಿವಿ ಮೇಲೆ ಹಾಕಿಕೊಳ್ಳದೆ ಇರುವುದೇ ರೂಢಿಯಾಗಿತ್ತು. ಐದು ದಿನಗಳ ನಂತರ, ಜೂನ್ 22ರಂದು, ನಿಂತಿದ್ದ ರೈಲಿಗೆ ಹಿಂದಿನ ರೈಲು ಗುದ್ದಿತು. ಚಾಲಕಿ ಸೇರಿ 9 ಜನ ಸತ್ತರು. ಸಂಸ್ಥೆಗೆ ಉತ್ತರ ನಾಲ್ಕು ವರ್ಷ ಮೊದಲೇ ಗೊತ್ತಿತ್ತು, ಹಳಿ ಪಕ್ಕ ಕೆಲಸ ಮಾಡುವವರಿಗೆ ಅದನ್ನು ತಲುಪಿಸಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು, ಗೇಟಿನ ಪಕ್ಕ 'ಅಪಘಾತ ಇಲ್ಲದ ದಿನಗಳು' ಅಂತ ಎಣಿಸುವ ಫಲಕವನ್ನು ಇಳಿಸಿ ಅನ್ನುತ್ತೇನೆ ನಾನು. ಅದಕ್ಕೆ ಬೋನಸ್ ಕಟ್ಟಿದ್ದರಂತೂ ಇನ್ನೂ ಕೆಟ್ಟದು. ಬೆರಳು ಜಜ್ಜಿಸಿಕೊಂಡವನು ಇಡೀ ಶಿಫ್ಟಿನ ಬೋನಸ್ ಕಳೆಯಬಾರದು ಅಂತ ಬಟ್ಟೆ ಸುತ್ತಿಕೊಂಡು ಮನೆಗೆ ಹೋಗುತ್ತಾನೆ. ಫಲಕದ ಅಂಕಿ ಏರುತ್ತಾ ಹೋಗುತ್ತದೆ, ಬೆರಳು ಸಿಕ್ಕ ಯಂತ್ರ ಹಾಗೇ ಇರುತ್ತದೆ. ಎಣಿಸುವುದಾದರೆ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳು ಈ ತಿಂಗಳು ಎಷ್ಟು ವರದಿಯಾದವು, ಅವುಗಳಲ್ಲಿ ಎಷ್ಟು ಸರಿಯಾದವು ಅಂತ ಎಣಿಸಬೇಕು. ಆ ಅಂಕಿ ಸೊನ್ನೆ ಆದರೆ ಹೆಮ್ಮೆ ಪಡಬೇಡಿ, ಜನ ಬಾಯಿ ಮುಚ್ಚಿದ್ದಾರೆ ಅಂತ ತಿಳಿಯಿರಿ.

ಹೇಳುವವರಿಗೆ ರಕ್ಷಣೆ ಕೊಡುವ ದಾರಿ ಹೊಸದೇನಲ್ಲ. ಅಮೆರಿಕದ ವಿಮಾನಯಾನದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪನ್ನು ನಾಸಾಕ್ಕೆ ಬರೆದು ತಿಳಿಸುತ್ತಾರೆ, ದಂಡ ಹಾಕುವ ಇಲಾಖೆಗೆ ಅಲ್ಲ. ಉದ್ದೇಶವಿಲ್ಲದೆ ಆದ ತಪ್ಪನ್ನು 10 ದಿನದೊಳಗೆ ಹೇಳಿದರೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿ. ಬ್ರಿಟನ್ನಿನ ರೈಲ್ವೆಯಲ್ಲಿ 1996ರಲ್ಲಿ ಸ್ಕಾಟ್ಲೆಂಡ್‌ನಿಂದ ಶುರುವಾದ ಸೈರಸ್ ಅನ್ನುವ ಗುಪ್ತ ವರದಿ ವ್ಯವಸ್ಥೆ ಈಗ ಸಾರಿಗೆಯ ಬೇರೆ ಕಡೆಗೂ ಹರಡಿದೆ. ಕುಡಿದು ಓಡಿಸಿದವನನ್ನು, ಬೇಕೆಂದೇ ಸುರಕ್ಷತಾ ಸಾಧನ ಬಂದ್ ಮಾಡಿದವನನ್ನು ಬಿಟ್ಟುಬಿಡಿ ಅಂತ ಇದರ ಅರ್ಥವಲ್ಲ. ಅಂಥವರು ಕಡಿಮೆ, ಅವರಿಗೆ ಬೇರೆ ದಾರಿ ಇದೆ. ಉಳಿದ ಬಹುಪಾಲು ತಪ್ಪುಗಳು ಒಳ್ಳೆಯ ಕೆಲಸಗಾರರು ದಣಿದಾಗ, ಅವಸರದಲ್ಲಿದ್ದಾಗ, ಸಾಮಾನು ಸಿಗದಾಗ ಆಗುವ ತಪ್ಪುಗಳು.

ಅಮೆರಿಕದಲ್ಲಿ 2021ರ ಕಾನೂನಿನ ನಂತರ ದೊಡ್ಡ ನಗರಗಳ ಸಾರಿಗೆ ಸಂಸ್ಥೆಗಳು ಸುರಕ್ಷತಾ ಸಮಿತಿ ಮಾಡಲೇಬೇಕು, ಅದರಲ್ಲಿ ಮ್ಯಾನೇಜ್‌ಮೆಂಟ್‌ನವರಷ್ಟೇ ಸಂಖ್ಯೆಯಲ್ಲಿ ಡ್ರೈವರ್, ಮೆಕ್ಯಾನಿಕ್‌ಗಳಂಥ ಸಿಬ್ಬಂದಿಯ ಪ್ರತಿನಿಧಿಗಳು ಇರಬೇಕು. ಡ್ರೈವರ್‌ಗಳ ಮೇಲೆ ಪ್ರಯಾಣಿಕರು ಕೈ ಮಾಡುವುದನ್ನು ತಡೆಯುವುದೂ ಆ ಕಾನೂನಿನ ವ್ಯಾಪ್ತಿಗೆ ಬಂದಿದೆ. ಡ್ರೈವರ್ ಪಕ್ಕ ಅಡ್ಡಗಾಜು ಹಾಕುವಾಗ ಬೆಳಕಿನ ಪ್ರತಿಬಿಂಬ ಬಿದ್ದು ಕನ್ನಡಿ ಕಾಣುವುದಿಲ್ಲ ಅಂತ ಹೇಳಬಲ್ಲವರು ದಿನಾ ಆ ಸೀಟಿನಲ್ಲಿ ಕೂರುವವರು ಮಾತ್ರ. ಅವರಿಗೆ ಸಭೆಯಲ್ಲಿ ಸಮಾನ ಜಾಗ ಸಿಗುವುದು ಒಳ್ಳೆಯ ಶುರು. ಎಲ್ಲ ಸಾರಿಗೆ ಸಂಸ್ಥೆಗಳೂ ಇಷ್ಟನ್ನಾದರೂ ಮಾಡಲಿ: ಇಂಥ ಸಮಿತಿ ಕೊಟ್ಟ ಪಟ್ಟಿಗೆ ಬಜೆಟ್ಟಿನಲ್ಲೇ ದುಡ್ಡು ಇಡಲಿ, ಯಾವ ದೂರು ಯಾವ ತಿಂಗಳು ಸರಿಯಾಗುತ್ತದೆ, ಆಗದಿದ್ದರೆ ಯಾಕೆ ಅನ್ನುವುದನ್ನು ಪ್ರತಿ ಡಿಪೋದ ನೋಟಿಸ್ ಬೋರ್ಡಿನಲ್ಲಿ ಹೆಸರಿಲ್ಲದೆ ಬರೆದು ಹಾಕಲಿ. ಪಿನ್ ಇಲ್ಲದ ಆ ಎರಡು ಸ್ಟ್ಯಾಂಡುಗಳಿಂದಲೇ ಶುರು ಮಾಡಬಹುದು.